ಹೊಸ ಕೊಳಗ ಯಾರ ಕೈಯಲ್ಲಿ?

ಹೊಸ ಯಂತ್ರವೊಂದು ಬಂದಾಗಲೆಲ್ಲ ಸಮಾಜವಾದಿಗಳಿಗೆ ಜನ ಕೇಳುವ ಪ್ರಶ್ನೆ ಒಂದೇ: “ನೀವು ಇದರ ಪರವೋ, ವಿರೋಧವೋ?” ಪರ ಎಂದರೆ ಧಣಿಗಳ ಬಾಲ ಹಿಡಿದರೆನ್ನುತ್ತಾರೆ, ವಿರೋಧ ಎಂದರೆ ಎತ್ತಿನ ಗಾಡಿಯ ಕಾಲದವರೆಂದು ನಗುತ್ತಾರೆ. ಈ ಎರಡು ಉತ್ತರಗಳನ್ನೂ ಪಕ್ಕಕ್ಕಿಟ್ಟು, ಯಂತ್ರದ ಖರ್ಚು ಯಾರದು, ಲಾಭ ಯಾರದು, ಅದು ಬರೆದಿಡುವ ಲೆಕ್ಕವನ್ನು ನೋಡುವ ಹಕ್ಕು ಯಾರದು ಎಂದು ಕೇಳುವುದು ನಮ್ಮ ಪದ್ಧತಿ. ಈ ವಾರ ಹಾಗೆ ವಿಚಾರಿಸಬೇಕಾಗಿರುವ ಯಂತ್ರ ಎಳ್ಳುಕಾಳಿಗಿಂತಲೂ ಚಿಕ್ಕದು.

ದೊಡ್ಡ ಊರಿನ ಮಾಲುಗಳಲ್ಲಿ ಸಿದ್ಧ ಉಡುಪು ಕೊಂಡ ವಾಚಕರು ಅದರ ಬೆಲೆಯ ಚೀಟಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ಅನೇಕ ಅಂಗಿಗಳ ಚೀಟಿಯ ಒಳಗೆ ರಂಗೋಲಿಯ ಎಳೆಯಂತೆ ಬಳುಕಿ ಹೋದ ಒಂದು ಅಲ್ಯೂಮಿನಿಯಂ ಗೆರೆ ಕಾಣುತ್ತದೆ. ಅದರ ನಡುವೆ ಒಂದು ಕಪ್ಪು ಚುಕ್ಕೆ. ಗೆರೆಯೇ ಏರಿಯಲ್, ಚುಕ್ಕೆ ಒಂದು ಚಿಪ್. ಇದಕ್ಕೆ ಬ್ಯಾಟರಿಯಿಲ್ಲ. ಹತ್ತಿರದಲ್ಲಿ ರೇಡಿಯೋ ಅಲೆ ಹೊಮ್ಮಿಸುವ ಯಂತ್ರವೊಂದು ಬಂದರೆ ಆ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ನಂಬರನ್ನು ಹೇಳಿ ಮತ್ತೆ ಮಲಗುತ್ತದೆ. ಇಂಗ್ಲಿಷಿನಲ್ಲಿ ಇದರ ಹೆಸರು ರೇಡಿಯೋ ಫ್ರೀಕ್ವೆನ್ಸಿ ಐಡೆಂಟಿಫಿಕೇಷನ್. ವ್ಯಾಪಾರಸ್ಥರು ಆರ್‌ಎಫ್‌ಐಡಿ ಎನ್ನುತ್ತಾರೆ. ನಾವು ರೇಡಿಯೋ ಚೀಟಿ ಎನ್ನೋಣ.

ಶಾಲೆಯಲ್ಲಿ ಹಾಜರಿ ಹಾಕುವುದನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಎಲ್ಲರಿಗೂ ಗೊತ್ತಿರುವ ಬಾರ್‌ಕೋಡ್ ಎಂಬ ಕಪ್ಪು ಗೆರೆಗಳ ಗುರುತು ಅಂಗಡಿಗೆ ಬಂದದ್ದು 1974ರ ಜೂನ್ 26ರಂದು. ಅಮೆರಿಕದ ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ ಅದನ್ನು ಮೊದಲು ಓದಿದರು. ಬಾರ್‌ಕೋಡಿನ ರೀತಿಯೆಂದರೆ ಒಬ್ಬೊಬ್ಬ ಹುಡುಗನನ್ನೂ ಮೇಷ್ಟರ ಮೇಜಿನ ಮುಂದೆ ಕರೆದು, ಮುಖ ನೋಡಿ ಗುರುತು ಹಾಕಿಕೊಂಡಂತೆ. ರೇಡಿಯೋ ಚೀಟಿಯ ರೀತಿಯಲ್ಲಿ ಮೇಷ್ಟರು ಬಾಗಿಲಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು. ಒಳಗಿರುವ ಮಕ್ಕಳೆಲ್ಲ, ಬೆಂಚಿನ ಕೆಳಗೆ ಅಡಗಿದವನೂ ಸೇರಿ, ತಮ್ಮ ತಮ್ಮ ನಂಬರು ಹೇಳಿಬಿಡುತ್ತಾರೆ. ಒಬ್ಬರ ಮೇಲೊಬ್ಬರು ಕೂಗಿ ಗದ್ದಲವಾಗದಂತೆ ಸರದಿ ಹಂಚುವ ಉಪಾಯವೂ ಅದರಲ್ಲಿ ಅಡಕವಾಗಿದೆ. ಪೆಟ್ಟಿಗೆ ಬಿಚ್ಚಬೇಕಿಲ್ಲ, ಅಂಗಿ ಬಿಡಿಸಬೇಕಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅಂಗಿಯ ಮೇಲಿನ ಬಾರ್‌ಕೋಡ್ “ಇದು 38ರ ಅಳತೆಯ ಬಿಳಿ ಅಂಗಿ” ಎಂದಷ್ಟೇ ಹೇಳುತ್ತದೆ. ರೇಡಿಯೋ ಚೀಟಿ “ಅಂಥ ಲಕ್ಷ ಅಂಗಿಗಳಲ್ಲಿ ನಾನು ಇಂಥ ನಂಬರಿನ ಅಂಗಿ” ಎನ್ನುತ್ತದೆ. ಅಂದರೆ ಪ್ರತಿಯೊಂದು ಅಂಗಿಗೂ ಒಂದು ಹೆಸರು ಬಂದಂತಾಯಿತು.

ಇದು ನಮಗೆ ಅಪರಿಚಿತವಾದುದೂ ಅಲ್ಲ. 2021ರ ಫೆಬ್ರವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಗೇಟುಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಇದೇ ಜಾತಿಯದು. ಬಸ್ಸಿನ ಮುಂದಿನ ಗಾಜಿಗೆ ಅಂಟಿಸಿದ ಆ ಚೀಟಿಯೂ ಇದೇ ಬಗೆಯ ರೇಡಿಯೋ ಅಲೆಗೆ ಉತ್ತರ ಕೊಡುತ್ತದೆ. ನೀರು ತುಂಬಿದ ಶೀಸೆಯಲ್ಲೂ ಲೋಹದ ಡಬ್ಬಿಯಲ್ಲೂ ಈ ಅಲೆಯ ಆಟ ಅಷ್ಟಾಗಿ ನಡೆಯದು. ಬಟ್ಟೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕು.

ವ್ಯಾಪಾರಕ್ಕೆ ಈ ವಿದ್ಯೆ ಬಂದ ಕಥೆ ತುಟಿಗೆ ಹಚ್ಚುವ ಬಣ್ಣದಿಂದ ಪ್ರಾರಂಭವಾಗುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕೆವಿನ್ ಆಷ್ಟನ್ ಎಂಬ ನೌಕರನಿಗೆ ಒಂದು ಚಿಂತೆ ಹತ್ತಿತು. ಒಂದು ಕಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಗೂಡಿನಲ್ಲಿ ಯಾವಾಗಲೂ ಖಾಲಿ. ಆದರೆ ಗೋದಾಮಿನಲ್ಲಿ ಬೇಕಾದಷ್ಟಿದೆ ಎಂದು ಲೆಕ್ಕ ಹೇಳುತ್ತದೆ. ಮಾಲು ಇದೆ, ಗಿರಾಕಿ ಇದ್ದಾಳೆ, ನಡುವೆ ಕುರುಡು. ಈ ಕುರುಡನ್ನು ಕಳೆಯಬೇಕೆಂದು 1999ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆಟೋ-ಐಡಿ ಕೇಂದ್ರ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಕಾನ್ಪುರದ ಐಐಟಿಯಲ್ಲಿ ಓದಿದ ಸಂಜಯ ಶರ್ಮ. ದೊಡ್ಡ ದೊಡ್ಡ ಕಂಪನಿಗಳು ಹಣ ಕೊಟ್ಟವು. ಚೀಟಿಯ ಬೆಲೆಯನ್ನು ಐದು ಸೆಂಟಿಗೆ ಇಳಿಸುವುದು ಅವರ ಗುರಿ.

ಗುರಿ ಮುಟ್ಟುವ ಮೊದಲೇ ವಾಲ್‌ಮಾರ್ಟ್ ಅಪ್ಪಣೆ ಹೊರಡಿಸಿತು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ನಡೆದದ್ದರ ಬೀಜವೆಲ್ಲ ಇಲ್ಲಿದೆ. 2003ರ ಜೂನ್ ತಿಂಗಳಲ್ಲಿ ಲೋಕದ ಅತಿ ದೊಡ್ಡ ಅಂಗಡಿಕಾರನಾದ ಈ ಕಂಪನಿ ತನಗೆ ಮಾಲು ಕಳಿಸುವ ಮೊದಲ ನೂರು ದೊಡ್ಡ ಸರಬರಾಜುಗಾರರಿಗೆ ಹೇಳಿತು: 2005ರ ಜನವರಿಯ ಹೊತ್ತಿಗೆ ನಿಮ್ಮ ಪೆಟ್ಟಿಗೆಗಳ ಮೇಲೂ ಪೆಟ್ಟಿಗೆ ಪೇರಿಸುವ ಹಲಗೆಗಳ ಮೇಲೂ ರೇಡಿಯೋ ಚೀಟಿ ಇರತಕ್ಕದ್ದು. ಚೀಟಿಯ ಖರ್ಚು ಯಾರದು? ಸರಬರಾಜುಗಾರರದು. ಹಚ್ಚುವ ಕೂಲಿ, ಓದುವ ಯಂತ್ರ, ಕಂಪ್ಯೂಟರಿನ ಏರ್ಪಾಡು, ಎಲ್ಲವೂ ಅವರದೇ.

ಆಮೇಲೆ ಆದದ್ದೇನು? 2005ರಲ್ಲಿ ಅರ್ಕನ್ಸಾ ವಿಶ್ವವಿದ್ಯಾನಿಲಯದವರು ವಾಲ್‌ಮಾರ್ಟಿನ ಚೀಟಿಯಿರುವ 12 ಅಂಗಡಿಗಳನ್ನು ಚೀಟಿಯಿಲ್ಲದ 12 ಅಂಗಡಿಗಳೊಡನೆ 29 ವಾರ ಹೋಲಿಸಿ ನೋಡಿದರು. ಚೀಟಿಯಿದ್ದ ಕಡೆ ಗೂಡು ಖಾಲಿಯಾಗಿ ಗಿರಾಕಿ ಬರಿಗೈಯಲ್ಲಿ ಮರಳುವ ಪ್ರಸಂಗ ಶೇಕಡ 16ರಷ್ಟು ಕಡಿಮೆಯಾಗಿತ್ತು. ವಿದ್ಯೆ ಸುಳ್ಳಲ್ಲ, ಫಲ ನಿಜ. ಫಲ ಬಿದ್ದದ್ದು ಮಾತ್ರ ಅಂಗಡಿಯವನ ಅಂಗಳದಲ್ಲಿ. ಕಳಿಸುವವನಿಗೆ ತನ್ನ ಕಾರ್ಖಾನೆಯೊಳಗೆ ಅದರಿಂದ ಏನೂ ಒದಗದೆ ಹೋದುದರಿಂದ ಬಹುಮಂದಿ ಒಂದು ಉಪಾಯ ಹೂಡಿದರು. ಮಾಲು ಲಾರಿ ಹತ್ತುವ ಕೊನೆಯ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿ, ಪೆಟ್ಟಿಗೆಗೆ ಚೀಟಿ ಬಡಿದು ಕಳಿಸಿಬಿಡುವುದು! ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಶಾಲೆಯ ಗೋಡೆಗೆ ಸುಣ್ಣ ಬಳಿಸುವ ಹಾಗೆ.

2008ರ ಜನವರಿಯಲ್ಲಿ ವಾಲ್‌ಮಾರ್ಟಿನದೇ ಆದ ಸ್ಯಾಮ್ಸ್ ಕ್ಲಬ್, ಚೀಟಿಯಿಲ್ಲದೆ ಬಂದ ಪ್ರತಿ ಹಲಗೆಗೆ ಎರಡು ಡಾಲರು ವಸೂಲು ಮಾಡುತ್ತೇವೆ ಎಂದು ಹೆದರಿಸಿತು. ಮರುವರ್ಷವೇ ಆ ಎರಡು ಡಾಲರು 12 ಸೆಂಟಿಗೆ ಇಳಿಯಿತು. ಲೋಕದ ಅತಿ ಬಲಿಷ್ಠ ವ್ಯಾಪಾರಿಯ ಅಪ್ಪಣೆಯೂ ಹೀಗೆ ಸೊರಗಿತು. ಖರ್ಚು ಒಬ್ಬನ ಮೇಲೆ ಹೇರಿ ಲಾಭ ಇನ್ನೊಬ್ಬನು ತೆಗೆದುಕೊಳ್ಳುವ ವ್ಯವಸ್ಥೆಗೆ ಹೊರುವವನು ಗಟ್ಟಿಯಾಗಿದ್ದರೆ ಒಪ್ಪುವುದಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲಿನಂಥವರು ವಾಲ್‌ಮಾರ್ಟಿಗೂ ಎದುರು ನಿಂತು ಮಾತಾಡಬಲ್ಲವರು.

ಹಾಗಾದರೆ ಹೊರುವವನು ದುರ್ಬಲನಾಗಿದ್ದರೆ? ರೇಡಿಯೋ ಚೀಟಿ ಸಾಯಲಿಲ್ಲ. ಅದು ಸಾಬೂನಿನ ಪೆಟ್ಟಿಗೆಯನ್ನು ಬಿಟ್ಟು ಬಟ್ಟೆಗೆ ಬಂದಿತು. ಇದಕ್ಕೆ ಒಂದು ಕಾರಣವನ್ನು ಆಗಲೇ ಹೇಳಿದೆವು: ಬಟ್ಟೆಯಲ್ಲಿ ಅಲೆ ಸರಾಗವಾಗಿ ಹರಿಯುತ್ತದೆ. ಎರಡನೆಯ ಕಾರಣ, ಒಂದೇ ಅಂಗಿ ಏಳು ಅಳತೆ, ಐದು ಬಣ್ಣದಲ್ಲಿ ಬಂದರೆ 35 ಬಗೆಯಾಯಿತು; ಗಿರಾಕಿ ಅದನ್ನು ತೆಗೆದು ಇನ್ನೆಲ್ಲೋ ಇಟ್ಟು ಹೋಗುತ್ತಾನೆ; ಕೈಯಿಂದ ಎಣಿಸಿದ ಲೆಕ್ಕ ತಪ್ಪದೆ ಇರುವುದೇ ಆಶ್ಚರ್ಯ. ನಮ್ಮ ಊರಿನ ಜವಳಿ ಅಂಗಡಿಯ ಯಜಮಾನರು ಕಣ್ಣು ಮುಚ್ಚಿಕೊಂಡೇ 38ರ ಬಿಳಿ ಅಂಗಿ ಎಷ್ಟನೆಯ ಗೂಡಿನಲ್ಲಿದೆ ಎಂದು ಹೇಳಬಲ್ಲರು. ಅವರಿಗೆ ಇದು ಬೇಕಿಲ್ಲ. ಚೀಟಿ ಓದುವ ಕೈಯಂತ್ರವೊಂದರ ಬೆಲೆಯೇ ಅವರ ಗುಮಾಸ್ತನ ಕೆಲವು ತಿಂಗಳ ಸಂಬಳ. ಸಾವಿರಾರು ಅಂಗಡಿಯಿಟ್ಟು, ಒಂದರ ಮುಖವನ್ನೂ ನೋಡದೆ ದೂರದ ದೇಶದಲ್ಲಿ ಕುಳಿತವನಿಗೆ ಬೇಕು. ಸ್ಪೇನಿನ ಜಾರಾ ಮಳಿಗೆಗಳ ಒಡೆತನದ ಇಂಡಿಟೆಕ್ಸ್, ಫ್ರಾನ್ಸಿನ ಡೆಕಾಥ್ಲಾನ್, ಜಪಾನಿನ ಯುನಿಕ್ಲೋ ಇದನ್ನು ಒಪ್ಪಿಕೊಂಡವು. 2022ರಲ್ಲಿ ವಾಲ್‌ಮಾರ್ಟ್ ಮತ್ತೆ ಎದ್ದು, ಬಟ್ಟೆಯಷ್ಟೇ ಅಲ್ಲದೆ ಆಟಿಕೆ, ಮನೆಯ ಸಾಮಾನು, ವಿದ್ಯುತ್ ಉಪಕರಣಗಳಿಗೂ ಚೀಟಿ ಬೇಕೆಂದಿತು. ಇಂದು ಇಂಥ ಮಳಿಗೆಗಳಲ್ಲಿ ಗಿರಾಕಿ ತನ್ನ ಬುಟ್ಟಿಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟರೆ ಬಿಲ್ಲು ತಾನೇ ಬರುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಅಂಗಡಿಯ ನೌಕರರು ರಾತ್ರಿಯೆಲ್ಲ ಕುಳಿತು ದಾಸ್ತಾನು ಎಣಿಸುವ ದಂಡನೆ ಇದರಿಂದ ತಪ್ಪಿದೆ. ಕೆಟ್ಟ ಔಷಧಿಯೋ ಕೊಳೆತ ಆಹಾರವೋ ಯಾವ ಅಂಗಡಿಗೆ ಹೋಗಿದೆ ಎಂದು ಕ್ಷಣದಲ್ಲಿ ಹುಡುಕುವುದಕ್ಕೂ ಇಂಥದೇ ಗುರುತು ಬೇಕು. ವ್ಯರ್ಥ ಎಣಿಕೆಯಿಂದ ಮನುಷ್ಯನನ್ನು ಬಿಡುಗಡೆ ಮಾಡುವ ಯಂತ್ರಕ್ಕೆ ನಾವು ಶತ್ರುಗಳಲ್ಲ. 2003ರಲ್ಲಿ ಬೆನೆಟನ್ ಕಂಪನಿಯ ಬಟ್ಟೆಗಳಲ್ಲಿ ಇಂಥ ಚೀಟಿ ಹೊಲಿಯುತ್ತಾರೆಂಬ ಸುದ್ದಿ ಬಂದಾಗ ಗಿರಾಕಿಗಳು ಬಹಿಷ್ಕಾರದ ಕರೆ ಕೊಟ್ಟು, ಕಂಪನಿ ಹಿಂದೆಗೆಯಿತು. ತಾವು ಹೋದಲ್ಲೆಲ್ಲ ಅಂಗಿ ತಮ್ಮ ಗುಟ್ಟು ಹೇಳೀತೆಂಬ ಭಯ ಅವರದು. ತೊಡುವವನ ಗುಟ್ಟಿನ ಬಗ್ಗೆ ಹೀಗೆ ಗಲಾಟೆಯಾಯಿತು. ಹೊಲಿಯುವವಳ ಬಗ್ಗೆ ಅಂಥ ಗಲಾಟೆ ಆದದ್ದನ್ನು ನಾವು ಕೇಳಿಲ್ಲ.

ಚೀಟಿ ಹಚ್ಚುವುದು ಎಲ್ಲಿ? ಪ್ಯಾರಿಸಿನಲ್ಲಲ್ಲ. ಢಾಕಾದಲ್ಲಿ, ತಿರುಪ್ಪೂರಿನಲ್ಲಿ, ಬೆಂಗಳೂರಿನ ಪೀಣ್ಯ ಬೊಮ್ಮನಹಳ್ಳಿಗಳಲ್ಲಿ, ಈಚೆಗೆ ನಮ್ಮಂಥ ಜಿಲ್ಲೆಗಳಲ್ಲೂ ಎದ್ದಿರುವ ಗಾರ್ಮೆಂಟ್ಸುಗಳಲ್ಲಿ. ಅಂಗಿ ಹೊಲಿದು, ಇಸ್ತ್ರಿಯಾಗಿ, ಪ್ಯಾಕಿಂಗಿಗೆ ಬರುವ ಹೊತ್ತಿಗೆ ಚೀಟಿ ಅದರಲ್ಲಿರಬೇಕು. ಯಾರಿಂದ ಚೀಟಿ ಕೊಳ್ಳಬೇಕೆಂದು ಹೇಳುವವನೂ ಸಾಮಾನ್ಯವಾಗಿ ಕೊಳ್ಳುವ ಬ್ರಾಂಡಿನವನೇ. ಪೆಟ್ಟಿಗೆಯನ್ನು ಒಂದು ಗವಿಯಂಥ ಯಂತ್ರದೊಳಗೆ ಹಾಯಿಸಿದರೆ ಒಳಗೆಷ್ಟು ಅಂಗಿ ಇದೆಯೆಂದು ತೆರೆಯದೆಯೇ ಲೆಕ್ಕ ಬರುತ್ತದೆ. ನಂಬರು ತಪ್ಪಿತೋ, ಒಂದು ಅಂಗಿ ಕಡಿಮೆಯಾಯಿತೋ, ದುಡ್ಡಿನಲ್ಲಿ ಕಡಿತ. ಅಲ್ಲಿಂದ ಲಾರಿ ವೈಟ್‌ಫೀಲ್ಡಿನ ಒಳನಾಡು ಡಿಪೋಗೋ ನೇರ ಬಂದರಿಗೋ ಹೊರಡುತ್ತದೆ. ಬಂದರಿನಲ್ಲಿ ಪೆಟ್ಟಿಗೆ ತುಂಬಿದ ಕಂಟೇನರಿಗೂ ರೇಡಿಯೋ ಚೀಟಿಯಿದೆ. 2016ರ ಜುಲೈಯಲ್ಲಿ ಮುಂಬಯಿಯ ಬಳಿಯ ಜವಾಹರಲಾಲ್ ನೆಹರು ಬಂದರಿನಿಂದ ಪ್ರಾರಂಭವಾದ ಈ ಏರ್ಪಾಡನ್ನು ನಡೆಸುವುದು ಕೇಂದ್ರ ಸರ್ಕಾರದ ಕೈಗಾರಿಕಾ ಕಾರಿಡಾರ್ ನಿಗಮವೂ ಜಪಾನಿನ ಎನ್‌ಇಸಿ ಕಂಪನಿಯೂ ಕೂಡಿ ಕಟ್ಟಿದ ಸಂಸ್ಥೆ. ಹೀಗೆ ಅಂಗಿಗೆ ನಂಬರು, ಅದನ್ನು ಹೊತ್ತ ಲಾರಿಯ ಗಾಜಿಗೆ ನಂಬರು, ಕಂಟೇನರಿಗೆ ನಂಬರು. ಹಳ್ಳಿಯಿಂದ ಹೊರಟ ಮದುಮಗಳಿಗೂ ಇಷ್ಟು ಕಾವಲು ಇರಲಾರದು.

ಈಗ ಲೆಕ್ಕಕ್ಕೆ ಬರೋಣ. ಸಗಟಿನಲ್ಲಿ ಕೊಂಡರೆ ಒಂದು ಚೀಟಿಗೆ ಇಂದು ನಾಲ್ಕೈದು ಸೆಂಟು. ನಮ್ಮ ದುಡ್ಡಿನಲ್ಲಿ ಸುಮಾರು 4 ರೂಪಾಯಿ ಎನ್ನೋಣ. 50 ಜನ ಹೆಂಗಸರು ಕುಳಿತ ಒಂದು ಲೈನಿನಿಂದ ದಿನಕ್ಕೆ 600 ಅಂಗಿ ಹೊರಬಿತ್ತು ಎಂದು ಭಾವಿಸಿ. ಚೀಟಿಯ ಬಾಬ್ತು 2,400 ರೂಪಾಯಿ. ಈ ಹಣ ಪ್ರತಿದಿನ ಹುಟ್ಟುತ್ತದೆ. ಬ್ರಾಂಡಿನವನು ಕೇಳಿದ ಮೇಲೆ ಮಾಲೀಕನು ಎಲ್ಲಿಂದಲೋ ಹುಟ್ಟಿಸಲೇಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಡಿ. ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಬರಬೇಕಾಗಿತ್ತು. ರೋಗದ ಕಾಲವೆಂದು ರಾಜ್ಯ ಸರ್ಕಾರ ಅದನ್ನು ಮುಂದೂಡಿ ಆಜ್ಞೆ ಮಾಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆಜ್ಞೆಗೆ ತಡೆ ಹಾಕಿತು. ಆದರೂ ಕಾರ್ಖಾನೆಗಳು ಕೊಡಲಿಲ್ಲ. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಲೆಕ್ಕ ಹಾಕಿದಂತೆ ನಾಲ್ಕು ಲಕ್ಷಕ್ಕೂ ಹೆಚ್ಚು ಕೆಲಸಗಾರರಿಗೆ ಈ ಹಣ ಸಂದಿರಲಿಲ್ಲ. ಯೂನಿಯನ್ನುಗಳು ಕೂಗಾಡಿ, ಹೊರದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬ್ರಾಂಡುಗಳ ಹೆಸರು ಕೆಡುವ ಹಂತಕ್ಕೆ ಬಂದ ಮೇಲೆ, 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಮುಂದಾದವು. ತಿಂಗಳಿಗೆ 417 ಎಂದರೆ 26 ದಿನದ ದುಡಿಮೆಯಲ್ಲಿ ದಿನಕ್ಕೆ 16 ರೂಪಾಯಿ. 50 ಜನರ ಲೈನಿಗೆ ದಿನಕ್ಕೆ 800 ರೂಪಾಯಿ. ಚೀಟಿಗೆ ಒಂದು ದಿನದಲ್ಲಿ ಹುಟ್ಟುವ 2,400ರ ಮೂರನೆಯ ಒಂದು ಪಾಲು! ಅದು ಹುಟ್ಟಲು ಎರಡು ವರ್ಷ ಹಿಡಿಯಿತು.

ಕಾಣೆಯಾದ ಒಂದು ಅಂಗಿಯನ್ನು ಹತ್ತು ಸಾವಿರ ಮೈಲಿಯ ಆಚೆ ಕುಳಿತು ಹುಡುಕಬಲ್ಲ ಬ್ರಾಂಡುಗಳಿಗೆ ಕಾಣೆಯಾದ 417 ರೂಪಾಯಿ ಎರಡು ವರ್ಷ ಕಣ್ಣಿಗೆ ಬೀಳಲಿಲ್ಲವೆಂದರೆ ನಾವು ನಂಬಬೇಕೇ? ಕಣ್ಣಿಗೇನೂ ದೋಷವಿಲ್ಲ. ಯಾವುದನ್ನು ನೋಡಬೇಕೋ ಅದಕ್ಕೆ ಮಾತ್ರ ಚೀಟಿ ಹಚ್ಚಿದ್ದಾರೆ.

ಇಲ್ಲ, ಹೊಲಿಯುವವಳನ್ನೂ ನೋಡುತ್ತಾರೆ. ಅದು ಬೇರೆ ಬಗೆಯ ನೋಟ. ಕೆಲವು ಕಾರ್ಖಾನೆಗಳಲ್ಲಿ ಕಟಿಂಗಿನಿಂದ ಬಂದ ತುಂಡುಗಳ ಒಂದೊಂದು ಬಂಡಲಿಗೂ ಒಂದು ರೇಡಿಯೋ ಕಾರ್ಡು ಕಟ್ಟುತ್ತಾರೆ. ಕಾಲರ್ ಹೊಲಿಯುವವಳು ತನ್ನ ಮಿಷನ್ನಿನ ಬಳಿಯ ಪೆಟ್ಟಿಗೆಗೆ ಕಾರ್ಡು ತೋರಿಸಿ ಬಂಡಲ್ ತೆಗೆದುಕೊಳ್ಳಬೇಕು, ಮುಗಿಸಿದ ಮೇಲೆ ಮತ್ತೆ ತೋರಿಸಬೇಕು. ಯಾವ ಟೇಲರ್ ಯಾವ ಬಂಡಲಿಗೆ ಎಷ್ಟು ನಿಮಿಷ ತೆಗೆದುಕೊಂಡಳು, ನಡುವೆ ಎಷ್ಟು ಹೊತ್ತು ಮಿಷನ್ ನಿಂತಿತ್ತು, ಎಲ್ಲವೂ ಮೇಲಿನ ಕೋಣೆಯ ಪರದೆಯ ಮೇಲೆ ಮೂಡುತ್ತದೆ. ನೀರು ಕುಡಿಯಲು ಹೋದರೂ ಲೆಕ್ಕ, ಹೊರಗೆ ಹೋದರೂ ಲೆಕ್ಕ. ಗಂಟೆಗೆ 60 ತುಂಡು ಹೊಲಿಯುವವಳು ಒಂದು ದಿನ ಚುರುಕಾಗಿ 70 ಹೊಲಿದರೆ, ಮರುವಾರ 70 ಎಂಬುದೇ ಟಾರ್ಗೆಟ್ಟಾಗುವ ಭಯ. ಮೊದಲು ಸೂಪರ್‌ವೈಜರನ ನೋಟುಪುಸ್ತಕದಲ್ಲಿ ಬರೆಯುತ್ತಿದ್ದ ಲೆಕ್ಕವನ್ನು ಇಣುಕಿ ನೋಡಬಹುದಾಗಿತ್ತು, ಜಗಳವಾಡಬಹುದಾಗಿತ್ತು. “ಕಂಪ್ಯೂಟರೇ ಹೇಳುತ್ತದೆ” ಎಂದ ಮೇಲೆ ಯಾರೊಡನೆ ಜಗಳವಾಡುವುದು? ಲೆಕ್ಕ ಅವಳ ಕೈಯದು, ಪುಸ್ತಕ ಮಾಲೀಕನದು.

ನಮ್ಮ ಜಿಲ್ಲೆಯ ವಾಚಕರಿಗೆ ಇದು ಹೊಸ ಕಥೆಯಾಗಿ ತೋರಬಾರದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದರಿಂದ? ಕೊಳಗದಿಂದ. ಧಣಿಗಳು ಗೇಣಿಯ ಬತ್ತ ಅಳೆದುಕೊಳ್ಳುವ ಕೊಳಗ ಸರಿಯಾದ ಕೊಳಗಕ್ಕಿಂತ ದೊಡ್ಡದು ಎಂಬುದು ಅವರ ಮೊದಲ ತಕರಾರು. ಭೂಮಿಯ ಒಡೆತನ, ಉಳುವವನ ಹಕ್ಕು ಎಂಬ ದೊಡ್ಡ ಮಾತುಗಳೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಅಳತೆಯ ಪ್ರಶ್ನೆ. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ರೈತರಲ್ಲಿ ಯಾರೊಬ್ಬರೂ ಕೊಳಗವೇ ಬೇಡ, ಬತ್ತವನ್ನು ಅಳೆಯಲೇಕೂಡದು ಎನ್ನಲಿಲ್ಲ. ಅಳತೆ ಇರಲಿ, ಆದರೆ ಅದು ಇಬ್ಬರ ಕಣ್ಣೆದುರಿಗೂ ಒಂದೇ ಆಗಿರಲಿ ಎಂದರು. ಮಾಲೀಕನ ಕೋಣೆಯ ಪರದೆಯೂ ಒಂದು ಕೊಳಗ. ಅದರ ತಳ ಎಷ್ಟು ಆಳ ಎಂದು ತುಂಬುವವಳಿಗೆ ತಿಳಿಯದು.

ಇಲ್ಲಿ ಲೋಹಿಯಾರವರ ಇನ್ನೊಂದು ವಾದವನ್ನೂ ನೆನೆಯಬಹುದು. ಕಾರ್ಖಾನೆಯ ಮಾಲಿನ ಮಾರಾಟದ ಬೆಲೆ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟನ್ನು ಮೀರಕೂಡದು ಎಂದು ಅವರು ಬಹುಕಾಲ ವಾದಿಸಿದರು. ಅಂದು ಇದನ್ನು ಕೇಳಿ ನಕ್ಕವರು, ಸಾವಿರ ಕೈ ದಾಟಿ ಬಂದ ಮಾಲಿನ ಖರ್ಚನ್ನು ಯಾರು ಲೆಕ್ಕ ಹಾಕಬಲ್ಲರು ಎನ್ನುತ್ತಿದ್ದರು. ಇಂದು ಆ ಸಬೂಬು ಉಳಿದಿಲ್ಲ. ಒಂದೊಂದು ಅಂಗಿಯೂ ದಾಟಿದ ಒಂದೊಂದು ಬಾಗಿಲೂ ದಾಖಲೆಯಲ್ಲಿದೆ.

ಕಾನೂನಿನಲ್ಲಿ ಒಂದು ಸಣ್ಣ ಕಿಂಡಿಯಿದೆ. ಕೆಲಸಗಾರರು ಹೊರಬೀಳುವ ಸಂಭವವಿರುವ ಯಂತ್ರ ಅಥವಾ ವಿಧಾನದ ಸುಧಾರಣೆ ತರುವ ಮಾಲೀಕ 21 ದಿನ ಮುಂಚಿತವಾಗಿ ನೋಟೀಸು ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9-ಎ ಕಲಮಿನಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೆಯ ಕಲಮಿನಲ್ಲೂ ಅದು ಉಳಿದುಕೊಂಡಿದೆ. (ಆ ಸಂಹಿತೆಯ ಬೇರೆ ಅನೇಕ ಕಲಮುಗಳಿಗೆ, ಮುಖ್ಯವಾಗಿ 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಸರ್ಕಾರದ ಅನುಮತಿಯಿಲ್ಲದೆ ಮುಚ್ಚಬಹುದೆಂಬುದಕ್ಕೆ, ನಮ್ಮ ವಿರೋಧವನ್ನು ಹಿಂದೆಯೇ ಹೇಳಿದ್ದೇವೆ.) ಎಣಿಸುವ ಗವಿಯಂತ್ರ ಬಂದರೆ ಪ್ಯಾಕಿಂಗಿನ ಚೆಕ್ಕರುಗಳ ಕೆಲಸ ಹೋಗುವುದು ಸ್ಪಷ್ಟ. ನೋಟೀಸು ಬಂದಿತೇ ಎಂದು ಕೇಳುವ ಹಕ್ಕು ಯೂನಿಯನ್ನಿಗಿದೆ. ಇನ್ನೊಂದು ಕಡೆ, 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯಿದೆ ಕೆಲಸಗಾರಳನ್ನು ರಕ್ಷಿಸೀತೆಂದು ಯಾರಾದರೂ ತಿಳಿದಿದ್ದರೆ ಅದರ 7ನೆಯ ಕಲಮನ್ನು ಓದಲಿ. ಉದ್ಯೋಗದ ಕಾರಣಕ್ಕಾದರೆ ಅವಳ ಒಪ್ಪಿಗೆ ಕೇಳಬೇಕಾಗಿಲ್ಲ.

ಯೂರೋಪಿನಿಂದ ಇನ್ನೊಂದು ಸುದ್ದಿಯಿದೆ. 2024ರ ಜುಲೈ 18ರಂದು ಅಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಮುಂದಿನ ವರ್ಷಗಳಲ್ಲಿ ಬಟ್ಟೆಯೂ ಸೇರಿದಂತೆ ಅನೇಕ ಮಾಲುಗಳಿಗೆ ಒಂದು ಪಾಸ್‌ಪೋರ್ಟು ಬೇಕಾಗುತ್ತದೆ. ಮಾಲಿಗೆ ಅಂಟಿದ ಗುರುತನ್ನು ಓದಿಸಿದರೆ ಅದರ ಚರಿತ್ರೆ ತೆರೆದುಕೊಳ್ಳಬೇಕು. ಒಳ್ಳೆಯದೇ. ಆದರೆ ಆ ಕಾನೂನಿನ ಕಣ್ಣು ನೂಲು ಯಾವುದು, ಎಷ್ಟು ಕಾಲ ಬಾಳುತ್ತದೆ, ರಿಪೇರಿಯಾದೀತೇ, ಮರುಬಳಕೆಯಾದೀತೇ ಎಂಬುದರ ಮೇಲಿದೆ. ಹೊಲಿದವಳಿಗೆ ಕೂಲಿ ಸಂದಿತೇ ಎಂಬುದು ಅದರ ಪಟ್ಟಿಯಲ್ಲಿಲ್ಲ. ಅಂಗಿಯ ಪಾಸ್‌ಪೋರ್ಟಿನಲ್ಲಿ ಹತ್ತಿಯ ಜಾತಿ ಇರುತ್ತದಂತೆ, ತಾಯಿಯ ಹೆಸರು ಇರುವುದಿಲ್ಲ!

ಆದುದರಿಂದ ನಮ್ಮ ಒತ್ತಾಯ ಹೀಗಿದೆ. ಚೀಟಿ ಬೇಕೆಂದು ಕೇಳಿದ ಬ್ರಾಂಡು ಅದರ ಬೆಲೆಯನ್ನು ಬೇರೆಯಾಗಿ, ಬಿಲ್ಲಿನಲ್ಲಿ ಕಾಣುವಂತೆ ಕೊಡಲಿ. ಹೊಲಿಗೆಯ ದರದಲ್ಲಿ ಅದನ್ನು ಮುಚ್ಚಿಹಾಕಕೂಡದು. ಚೀಟಿಯ ನಂಬರಿನಿಂದ ಆ ಅಂಗಿ ಯಾವ ಕಾರ್ಖಾನೆಯಲ್ಲಿ, ಯಾವ ತಿಂಗಳಲ್ಲಿ ಹೊಲಿದದ್ದು ಎಂಬುದು ಬ್ರಾಂಡಿಗೆ ಹೇಗೋ ಹಾಗೆಯೇ ಕಾರ್ಮಿಕ ಇಲಾಖೆಗೂ ಯೂನಿಯನ್ನಿಗೂ ತಿಳಿಯಬೇಕು. ಕೂಲಿ ಬಾಕಿಯಿರುವ ತಿಂಗಳ ಮಾಲು ಯಾವ ದೇಶದ ಯಾವ ಅಂಗಡಿಯಲ್ಲಿ ತೂಗುಹಾಕಿದೆ ಎಂದು ಆಗ ನಾವೂ ಬೆರಳಿಟ್ಟು ತೋರಿಸಬಹುದು. ಬಂಡಲ್ ಕಾರ್ಡಿನ ಲೆಕ್ಕವನ್ನು ದುಡಿದವಳು ಆಯಾ ದಿನವೇ ನೋಡಬೇಕು. ಆ ಲೆಕ್ಕದಿಂದ ಟಾರ್ಗೆಟ್ಟು ಏರಿಸುವುದಾದರೆ ಯೂನಿಯನ್ನಿನೊಡನೆ ಕುಳಿತು ಮಾತಾಡದೆ ಏರಿಸಕೂಡದು. ಏರಿದರೆ ಕೂಲಿಯೂ ಏರಬೇಕು.

ಹೆಣ್ಣುಮಕ್ಕಳಿಂದ ಇದೆಲ್ಲ ಆದೀತೇ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರು 2016ರ ಏಪ್ರಿಲ್ 18 ಮತ್ತು 19ನ್ನು ಮರೆತಿರಬೇಕು. ಭವಿಷ್ಯನಿಧಿಯ ಹಣವನ್ನು 58 ವರ್ಷವಾಗುವವರೆಗೆ ಪೂರ್ತಿ ತೆಗೆಯಕೂಡದೆಂದು ಕೇಂದ್ರ ಸರ್ಕಾರ ಮಾಡಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರವಾಗಿ ಹೆದ್ದಾರಿಗೆ ಬಂದು ಕುಳಿತರು. ಕರೆ ಕೊಟ್ಟ ನಾಯಕನಿರಲಿಲ್ಲ. ಲಾಠಿ ಬಿತ್ತು. ಎರಡನೆಯ ದಿನ ದೆಹಲಿ ಆ ನಿಯಮವನ್ನು ಹಿಂದೆಗೆದುಕೊಂಡಿತು.

ಸದ್ಯಕ್ಕೆ ಮಾಡಬೇಕಾದ ಕೆಲಸ ಸಣ್ಣದು. ಬೆಳಗಿನ ಜಾವ ಗಾರ್ಮೆಂಟ್ಸ್ ಬಸ್ಸು ಹತ್ತುವ ನಮ್ಮ ಅಕ್ಕತಂಗಿಯರು ಒಂದು ಚಿಕ್ಕ ನೋಟುಪುಸ್ತಕ ಇಟ್ಟುಕೊಂಡು, ಇಂದು ಎಷ್ಟು ಬಂಡಲ್ ಮುಗಿಸಿದೆ, ಟಾರ್ಗೆಟ್ಟು ಎಷ್ಟೆಂದು ಹೇಳಿದರು, ಎಷ್ಟು ಹೊತ್ತಿಗೆ ಬಿಟ್ಟರು ಎಂದು ದಿನಾಂಕ ಹಾಕಿ ಬರೆಯಲಿ. ಮೂರು ತಿಂಗಳ ಲೆಕ್ಕ ಕೂಡಿದ ಮೇಲೆ ಅವನ್ನು ಕಾರ್ಮಿಕ ಅಧಿಕಾರಿಗಳ ಮೇಜಿನ ಮೇಲಿಟ್ಟು, ಕಾರ್ಖಾನೆಯ ಕಂಪ್ಯೂಟರಿನ ಲೆಕ್ಕವನ್ನೂ ಪಕ್ಕದಲ್ಲಿ ತಂದಿಡುವಂತೆ ಕೇಳುವುದೆಂದು ನಿಶ್ಚಯಿಸಿದ್ದೇವೆ. ನೋಟುಪುಸ್ತಕಗಳು ಪಕ್ಷದ ಕಚೇರಿಯಲ್ಲಿ ಸಿಗುತ್ತವೆ. ಬರೆಯಲು ಬಾರದವರಿಗೆ ಭಾನುವಾರ ಬೆಳಿಗ್ಗೆ ಅಲ್ಲಿಯೇ ಹೇಳಿಕೊಡಲಾಗುವುದು. ಮಕ್ಕಳನ್ನು ಕರೆದುಕೊಂಡು ಬಂದರೂ ಅಡ್ಡಿಯಿಲ್ಲ.